ಆಸ್ತಿ ತೆರಿಗೆ ಬಾಕಿಗೆ ಕೋರ್ಟ್ ಸಮನ್ಸ್ ಬಂದರೆ: ಓಡಾಡಿ ಬಂದವರು ಹೇಳಿದ್ದು

ಬೆಂಗಳೂರಿನ ಶ್ರೀನಗರದಿಂದ ಒಬ್ಬರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು 20x30 ಸೈಟಿನ ಹಳೇ ಮನೆ. ಖಾತಾ ಇನ್ನೂ ಮಾವನವರ ಹೆಸರಿನಲ್ಲೇ ಇದೆ. ಅವರು ತೀರಿಕೊಂಡ ಮೇಲೆ ಅತ್ತೆಯವರ ಆಸ್ಪತ್ರೆ ಖರ್ಚು, ಯಜಮಾನರಿಗೆ ಕೆಲಸ ಹೋಗಿದ್ದು, ಹೀಗೆ ಕೆಲವು ವರ್ಷದ ಕಂದಾಯ ನಿಂತುಹೋಯಿತು. ಆಮೇಲೆ ಒಂದಷ್ಟು ವರ್ಷದ್ದನ್ನು ತಡವಾಗಿ ಕಟ್ಟಿದೆವು, ಒಂದಷ್ಟು ಉಳಿದಿದೆ. ಮೊನ್ನೆ ಒಬ್ಬ ಕಾನ್‌ಸ್ಟೇಬಲ್ ಬಂದು ಮಾವನವರ ಹೆಸರಿನ ಕೋರ್ಟ್ ಸಮನ್ಸ್ ಕೊಟ್ಟು ಹೋದರು. ತಾರೀಖು ಮುಂದಿನ ತಿಂಗಳಿದೆ. ಅತ್ತೆ ಹೆದರಿ ಸರಿಯಾಗಿ ಊಟ ಮಾಡುತ್ತಿಲ್ಲ. ಬಾಕಿಯನ್ನೆಲ್ಲ ಈಗಲೇ ಆನ್‌ಲೈನ್‌ನಲ್ಲಿ ಕಟ್ಟಿಬಿಟ್ಟರೆ ಮುಗಿಯುತ್ತಾ? ಕೋರ್ಟಿಗೆ ಹೋಗಲೇಬೇಕಾ? ಇಂಥದ್ದನ್ನು ಕಂಡವರು ದಯವಿಟ್ಟು ತಿಳಿಸಿ.

ಬಸವೇಶ್ವರನಗರದಿಂದ:

ಮೇಡಂ, ಮೊದಲು ಅತ್ತೆಯವರಿಗೆ ಧೈರ್ಯ ಹೇಳಿ. ಸಮನ್ಸ್ ಅಂದರೆ ಇಂಥ ದಿನ ಬಂದು ನಿಮ್ಮ ಮಾತು ಹೇಳಿ ಎಂದು ಕೋರ್ಟ್ ಕರೆದಿರುವುದು. ಯಾರನ್ನೂ ಹಿಡಿದುಕೊಂಡು ಹೋಗುವ ಕಾಗದ ಅದಲ್ಲ. ಕರೆದಾಗ ಹೋಗದೆ ಸುಮ್ಮನಿದ್ದರೆ ಮಾತ್ರ ಅದು ವಾರಂಟಿನ ತನಕ ಬೆಳೆಯುತ್ತದೆ.

ನನ್ನ ಅಣ್ಣನ ಮನೆಗೂ ಇಂಥದೇ ಸಮನ್ಸ್ ಬಂದಿತ್ತು. ಅಣ್ಣನಿಗೆ ಕಾಲುನೋವು, ಜೊತೆಗೆ ಓಡಾಡಿದ್ದು ನಾನು. ಆ ಓಡಾಟದಿಂದ ನಾನು ಒತ್ತಿ ಹೇಳುವ ಮಾತು ಇದು: ತೆರಿಗೆ ಕಟ್ಟುವುದು ಬೇರೆ, ಕೇಸ್ ಮುಗಿಸುವುದು ಬೇರೆ. ಎರಡನ್ನೂ ನಾವೇ ಬೆನ್ನು ಹತ್ತಿ ಮಾಡಿಸಬೇಕು. ಕಂದಾಯ ಕಚೇರಿಯ ಕಂಪ್ಯೂಟರಿನಲ್ಲಿ ಬಾಕಿ ಸೊನ್ನೆ ಆಯಿತು ಅಂತ ಕೋರ್ಟಿಗೆ ತಾನಾಗಿ ಗೊತ್ತಾಗುವುದಿಲ್ಲ.

ಅಣ್ಣ ಸಮನ್ಸ್ ಕೈಗೆ ಬಂದ ವಾರದಲ್ಲೇ ಬೆಂಗಳೂರು ಒನ್‌ಗೆ ಹೋಗಿ ಪೂರ್ತಿ ಬಾಕಿ ತುಂಬಿದ್ದ. ತಾರೀಖಿನ ದಿನ ಕೋರ್ಟ್ ಹಾಲಿನಲ್ಲಿ ಹೆಸರು ಕೂಗಿದಾಗ ಇಬ್ಬರೂ ಮುಂದೆ ಹೋಗಿ ನಿಂತೆವು. ನ್ಯಾಯಾಧೀಶರು ರಸೀದಿಯನ್ನು ಎರಡೂ ಕಡೆ ತಿರುಗಿಸಿ ನೋಡಿ, ಪಾಲಿಕೆ ಪರ ವಕೀಲರ ಕಡೆ ತಿರುಗಿ, "ಕಟ್ಟಿದ್ದಾರಲ್ಲ, ಏನು ಹೇಳ್ತೀರಿ?" ಅಂದರು. ಆ ವಕೀಲರು ಕೈಯಲ್ಲಿದ್ದ ಫೈಲಿನ ಕಟ್ಟು ಬಿಚ್ಚಿ ಹುಡುಕಿ, "ಕಚೇರಿಯಿಂದ ನಮಗೆ ಏನೂ ಬಂದಿಲ್ಲ ಸ್ವಾಮಿ, ಸಮಯ ಕೊಡಬೇಕು" ಅಂದರು. ಮುಂದಿನ ತಾರೀಖು ಬಿತ್ತು. ದುಡ್ಡೂ ಕಟ್ಟಿ, ರಸೀದಿಯೂ ಇದ್ದು, ಕೇಸ್ ಮಾತ್ರ ಇದ್ದಲ್ಲೇ ಇತ್ತು. ನಿಮಗೆ ಹಾಗಾಗಬಾರದು.

ಆಮೇಲೆ ನಾವು ಮಾಡಿದ್ದನ್ನು ನೀವು ತಾರೀಖಿಗೆ ಮೊದಲೇ ಮಾಡಿ. ಸಹಾಯಕ ಕಂದಾಯ ಅಧಿಕಾರಿಗೆ (ಎಲ್ಲರೂ ಎಆರ್‌ಒ ಅನ್ನುತ್ತಾರೆ) ಒಂದು ಅರ್ಜಿ ಬರೆಯಿರಿ. ಅದರಲ್ಲಿ ಕೇಸ್ ನಂಬರ್, ಕೋರ್ಟ್ ಹಾಲ್ ನಂಬರ್, ಮುಂದಿನ ತಾರೀಖು, ಆಸ್ತಿಯ ಪಿಐಡಿ ನಂಬರ್ ಇರಲಿ. ರಸೀದಿಗಳ ಜೆರಾಕ್ಸ್ ಲಗತ್ತಿಸಿ, "ಬಾಕಿ ಇಲ್ಲವೆಂದು ಪತ್ರ ಕೊಡಿ, ನಿಮ್ಮ ವಕೀಲರಿಗೂ ತಿಳಿಸಿ" ಎಂದು ಕೇಳಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ನಾಳೆ ಯಾರಾದರೂ ಅರ್ಜಿಯೇ ಬಂದಿಲ್ಲ ಅಂದರೆ ಆ ಮೊಹರೇ ಉತ್ತರ ಹೇಳಬೇಕು. ಆ ಪತ್ರ ಬಂದ ಮೇಲೆ ಪಾಲಿಕೆ ವಕೀಲರು ಕೋರ್ಟಿಗೆ ಒಂದು ಮೆಮೊ ಹಾಕಿದರು, ಅಣ್ಣನ ಕೇಸ್ ಅಲ್ಲಿಗೆ ಮುಗಿಯಿತು.

ಯಾವ ಕಚೇರಿ ಅನ್ನುವುದರಲ್ಲಿ ಈಗ ಗೊಂದಲ ಆಗಬಹುದು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಾಗಿವೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ನಿಮ್ಮ ಕಡತ ಈಗ ಯಾವ ಪಾಲಿಕೆಯ ಯಾವ ಎಆರ್‌ಒ ಹತ್ತಿರ ಇದೆ ಎಂದು ಕೇಳಿಕೊಂಡೇ ಅರ್ಜಿ ಕೊಡಿ. ಸಮನ್ಸ್‌ನಲ್ಲಿ ಇನ್ನೂ ಬಿಬಿಎಂಪಿ ಅಂತಲೇ ಇದೆ, ಹಾಗಾಗಿ ಇದು ನಡೆಯಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮಲ್ಲೇಶ್ವರದಿಂದ, ವಕೀಲಿ ವೃತ್ತಿಯಲ್ಲಿರುವವರು:

ಮೇಲಿನವರು ಹೇಳಿದ್ದು ಸರಿ. ಆದರೆ ನಿಮ್ಮ ವಿಷಯದಲ್ಲಿ ಅದಕ್ಕೂ ಮುಂಚೆ ನೋಡಬೇಕಾದ್ದು ಒಂದಿದೆ. ಸಮನ್ಸ್ ಬಂದಿರುವುದು ತೀರಿಕೊಂಡವರ ಹೆಸರಿಗೆ. ಸತ್ತವರ ಮೇಲೆ ಕ್ರಿಮಿನಲ್ ಕೇಸ್ ನಡೆಯುವುದಿಲ್ಲ. ಸಿವಿಲ್ ದಾವೆಯಾದರೂ ತೀರಿಕೊಂಡವರ ಹೆಸರಲ್ಲಿ ಹೂಡಿದರೆ ನಿಲ್ಲುವುದಿಲ್ಲ. ಆದರೆ ಅವರಿಲ್ಲ ಎಂಬುದನ್ನು ಕೋರ್ಟಿಗೆ ಯಾರಾದರೂ ಹೇಳಬೇಕು, ದಾಖಲೆ ಕೊಡಬೇಕು. ಸಮನ್ಸ್ ತಂದವರ ಹತ್ತಿರ "ಇವರು ತೀರಿಕೊಂಡಿದ್ದಾರೆ" ಎಂದು ಷರಾ ಬರೆಸಿ, ಮರಣ ಪ್ರಮಾಣಪತ್ರದ ಪ್ರತಿ ಕೊಟ್ಟು ಕಳಿಸುವುದು ಒಳ್ಳೆಯದು. ಆಗ ಆಗದಿದ್ದರೆ ಈಗ ಠಾಣೆಗೆ ಹೋಗಿ ಕೊಡಬಹುದು, ತಾರೀಖಿನ ದಿನ ನೇರವಾಗಿ ಕೋರ್ಟಿಗೂ ಕೊಡಬಹುದು. ಹಾಗಂತ ತೆರಿಗೆ ಹೋಗಿಬಿಡುವುದಿಲ್ಲ. ಅದು ಆಸ್ತಿಯ ಮೇಲಿನ ಹೊಣೆ, ಮನೆ ಯಾರಿಗೆ ಬಂದಿದೆಯೋ ಅವರಿಗೆ ಅಂಟಿಕೊಂಡೇ ಬರುತ್ತದೆ. ಈ ಕೇಸ್ ಬಿದ್ದುಹೋದರೂ ವಾರಸುದಾರರ ಹೆಸರಿಗೆ ನೋಟಿಸ್ ಬರಬಹುದು.

ಕಾಗದವನ್ನು ನಿಧಾನವಾಗಿ ಓದಿ. ಕೋರ್ಟಿನ ಮೊಹರು, ಸಹಿ, ಕೇಸ್ ನಂಬರ್ ಇದೆಯೇ ನೋಡಿ. ನಂಬರಿನ ಹಿಂದೆ ಸಿ.ಸಿ. ಎಂದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಕ್ರಿಮಿನಲ್ ಕೇಸ್, ಒ.ಎಸ್. ಎಂದಿದ್ದರೆ ಸಿವಿಲ್ ದಾವೆ. ಸಿವಿಲ್ ಆದರೆ ಹೋಗದಿದ್ದಾಗ ವಾರಂಟ್ ಬರುವುದಿಲ್ಲ, ನಿಮ್ಮ ಮಾತು ಕೇಳದೆ ಏಕಪಕ್ಷೀಯವಾಗಿ ತೀರ್ಪಾಗುತ್ತದೆ. ಲಿಖಿತ ಹೇಳಿಕೆಗೆ ಸಮನ್ಸ್ ತಲುಪಿದ ದಿನದಿಂದ 30 ದಿನ, ಕಾರಣ ಕೊಟ್ಟರೆ 90 ದಿನದವರೆಗೆ ಅವಕಾಶ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್, ಇಲ್ಲವೇ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಹಾಕಿದರೆ ಕೇಸ್ ಯಾವ ಹಂತದಲ್ಲಿದೆ, ಮುಂದಿನ ತಾರೀಖು ಯಾವುದು, ಎಲ್ಲ ಕಾಣುತ್ತದೆ. ತಾರೀಖಿನ ಹಿಂದಿನ ಸಂಜೆಯೂ ಒಮ್ಮೆ ನೋಡಿಕೊಂಡು ಹೊರಡಿ.

ಎಷ್ಟೋ ಜನ ಪಾಲಿಕೆಯ ಬೇಡಿಕೆ ನೋಟಿಸ್, ಜಪ್ತಿ ನೋಟಿಸ್‌ಗಳನ್ನೂ "ಕೋರ್ಟ್ ನೋಟಿಸ್" ಎಂದೇ ಕರೆಯುತ್ತಾರೆ. ಅವು ಕಂದಾಯ ವಿಭಾಗದಿಂದ ಬರುವ ಕಾಗದಗಳು, ಅವಕ್ಕೆ ಉತ್ತರ ಕೊಡಬೇಕಾದ್ದು ಕಚೇರಿಗೆ. ನಿಮ್ಮದು ಕಾನ್‌ಸ್ಟೇಬಲ್ ತಂದಿದ್ದರಿಂದ ಕೋರ್ಟಿನದೇ ಇರಬೇಕು. ಆದರೂ ಖಚಿತ ಮಾಡಿಕೊಳ್ಳಿ.

ವಕೀಲರ ಶುಲ್ಕದ ಚಿಂತೆ ಇದ್ದರೆ ಇದನ್ನು ಗಮನಿಸಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ಅತ್ತೆಯವರಾಗಲಿ ನೀವಾಗಲಿ ಅರ್ಜಿ ಹಾಕಬಹುದು. ರಾಜ್ಯ ಪ್ರಾಧಿಕಾರದ ಕಚೇರಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ, ಸಹಾಯವಾಣಿ 15100. ಇದು ಭಿಕ್ಷೆಯಲ್ಲ, ಕಾಯ್ದೆ ಕೊಟ್ಟ ಹಕ್ಕು. ನಮ್ಮಲ್ಲಿ ತುಂಬ ಹೆಂಗಸರು ಇದು ಗೊತ್ತಿಲ್ಲದೆ ಒಡವೆ ಅಡವಿಟ್ಟು ವಕೀಲರಿಗೆ ಕೊಡುತ್ತಾರೆ. ನೋಡಿದಾಗ ಸಂಕಟವಾಗುತ್ತದೆ.

ಯಲಹಂಕದಿಂದ:

ಕಟ್ಟುವ ಮುಂಚೆ ಲೆಕ್ಕ ನೋಡಿ ಅಂತ ಯಾರೂ ಹೇಳಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೆದರಿಕೆಯಲ್ಲಿ ಕಂಡ ಮೊತ್ತವನ್ನೆಲ್ಲ ಕಟ್ಟಿಬಿಡಬೇಡಿ. ಯಾವ ವರ್ಷದ ತೆರಿಗೆ ಎಷ್ಟು, ಸೆಸ್ ಎಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು ಎಂದು ವರ್ಷವಾರು ಪಟ್ಟಿ ಕೇಳಿ ತೆಗೆದುಕೊಳ್ಳಿ. ಒಟ್ಟು ಮೊತ್ತ ಮಾತ್ರ ಬರೆದುಕೊಟ್ಟರೆ ಒಪ್ಪಬೇಡಿ.

ನಮ್ಮ ಮನೆಯ ಲೆಕ್ಕದಲ್ಲಿ ಅಪ್ಪ ಕಟ್ಟಿದ್ದ ವರ್ಷಗಳೂ ಬಾಕಿ ಅಂತ ತೋರಿಸುತ್ತಿದ್ದವು. ಯಲಹಂಕ ಮೊದಲು ನಗರಸಭೆ, ಬಿಬಿಎಂಪಿಗೆ ಸೇರಿದ್ದು 2007ರಲ್ಲಿ. ಮರುವರ್ಷವೇ, 2008-09ರಿಂದ, ಚದರ ಅಡಿ ಲೆಕ್ಕದ ಸ್ವಯಂ ಘೋಷಣೆ ಪದ್ಧತಿ ಬಂತು. ಆ ಕಾಲದಲ್ಲಿ ಬ್ಯಾಂಕ್ ಚಲನ್ ಮೂಲಕ ಕಟ್ಟಿದ್ದು ಕಂಪ್ಯೂಟರಿಗೆ ಏರಿರಲೇ ಇಲ್ಲ. ಅಪ್ಪ ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೇ ಚಲನ್‌ಗಳನ್ನು ವರ್ಷದ ಪ್ರಕಾರ ದಾರ ಕಟ್ಟಿ ಇಟ್ಟಿದ್ದರು. ಶಾಯಿ ಮಾಸಿ ಮೊತ್ತ ಓದಲಾಗದಿದ್ದರೂ ಬ್ಯಾಂಕಿನ ಸೀಲು, ತಾರೀಖು ಕಾಣುತ್ತಿತ್ತು. ಅದನ್ನು ತೋರಿಸಿದ ಮೇಲೆ ಆ ವರ್ಷಗಳು ಪಟ್ಟಿಯಿಂದ ಹೋದವು, ಅವುಗಳ ಮೇಲೆ ಬೆಳೆದಿದ್ದ ಬಡ್ಡಿಯೂ ಹೋಯಿತು. ಶ್ರೀನಗರ ಹಳೇ ಪಾಲಿಕೆಯ ಪ್ರದೇಶವೇ ಆದರೂ ನಿಮ್ಮ ಮಾವನವರೂ ಎಲ್ಲಾದರೂ ಎತ್ತಿಟ್ಟಿರುತ್ತಾರೆ. ಕ್ರಯಪತ್ರ ಇಟ್ಟ ಕವರಿನಲ್ಲಿ ನೋಡಿ, ದೇವರ ಮನೆಯ ಬೀರು ನೋಡಿ. ಅತ್ತೆಯವರನ್ನು ಕೇಳಿದರೆ ಗೊತ್ತಿರಬಹುದು, ಅವರಿಗೂ ಕೈಗೊಂದು ಕೆಲಸ ಸಿಕ್ಕಿದಂತಾಗುತ್ತದೆ.

ಬಡ್ಡಿ ಸಣ್ಣದಲ್ಲ. ಬಹಳ ವರ್ಷ ತಿಂಗಳಿಗೆ ಶೇ. 2ರಂತೆ ಹಾಕುತ್ತಿದ್ದರು. 6,000 ರೂಪಾಯಿ ತೆರಿಗೆ ಒಂದು ವರ್ಷ ತಡವಾದರೆ ಬಡ್ಡಿಯೇ 1,440 ರೂಪಾಯಿ. ನೀವು ತಡವಾಗಿ ಕಟ್ಟಿದ ವರ್ಷಗಳನ್ನು ಇಲ್ಲೇ ನೋಡಬೇಕು. ಬರೀ ತೆರಿಗೆ ಕಟ್ಟಿ ಬಡ್ಡಿ ಉಳಿದಿದ್ದರೆ ಅದು ಬಾಕಿಯಾಗಿ ಮುಂದಕ್ಕೆ ಬಂದಿರುತ್ತದೆ. 2024ರಲ್ಲಿ ಒಂದು ಬಾರಿಯ ತೀರುವಳಿ ಯೋಜನೆ ಬಂದಿತ್ತು, ನವೆಂಬರ್ 30ರವರೆಗೆ ಕಟ್ಟಿದವರಿಗೆ ಹಳೇ ಬಾಕಿಯ ಬಡ್ಡಿ ಮನ್ನಾ ಆಗಿತ್ತು. ನೀವು ಕಟ್ಟಿದ್ದು ಆ ಅವಧಿಯಲ್ಲಾಗಿದ್ದರೆ, ಮನ್ನಾ ಆದ ಬಡ್ಡಿಯನ್ನು ಈ ಕೇಸಿನ ಲೆಕ್ಕಕ್ಕೆ ಮತ್ತೆ ಸೇರಿಸಿಲ್ಲ ತಾನೇ ಎಂದು ನೋಡಿ.

ವಲಯವನ್ನೂ ನೋಡಿ. ಎ ಯಿಂದ ಎಫ್ ವರೆಗೆ ಆರು ವಲಯಗಳಿವೆ, ಒಂದೊಂದಕ್ಕೂ ಚದರ ಅಡಿಯ ದರ ಬೇರೆ. 2016-17ರಲ್ಲಿ ವಲಯಗಳು ಬದಲಾದಾಗ ಹಳೇ ವಲಯದ ದರದಲ್ಲೇ ಕಟ್ಟುತ್ತಾ ಬಂದ ಸಾವಿರಾರು ಜನರಿಗೆ ಆಮೇಲೆ ವ್ಯತ್ಯಾಸದ ನೋಟಿಸ್ ಹೋಗಿತ್ತು. ಸ್ವಂತ ವಾಸಕ್ಕೆ ದರ ಕಡಿಮೆ, ಬಾಡಿಗೆಗೆ ಕೊಟ್ಟಿದ್ದರೆ ಹೆಚ್ಚು. ನೀವೇ ವಾಸವಿರುವ ಮನೆಗೆ ಬಾಡಿಗೆ ದರ ಹಾಕಿದ್ದರೆ ಕರೆಂಟ್ ಬಿಲ್ ಸಮೇತ ಆಕ್ಷೇಪಣೆ ಬರೆದುಕೊಡಿ. ತಕರಾರಿಲ್ಲದ ಮೊತ್ತವನ್ನು ಮಾತ್ರ ತಡ ಮಾಡದೆ ಕಟ್ಟಿ. ಕೋರ್ಟಿನ ಮುಂದೆ ನಿಂತಾಗ, ಒಪ್ಪಿದ್ದನ್ನು ಕಟ್ಟಿದ್ದೇವೆ, ಇಷ್ಟಕ್ಕೆ ಮಾತ್ರ ತಕರಾರು ಎಂದು ಹೇಳುವವರ ಮಾತಿಗೆ ತೂಕ ಇರುತ್ತದೆ.

ಕೆ.ಆರ್. ಪುರದಿಂದ:

ಒಂದು ಎಚ್ಚರಿಕೆ ಅಷ್ಟೇ. ನಮ್ಮ ಚಿಕ್ಕಮ್ಮನಿಗೆ "ನಿಮ್ಮ ಮನೆ ಜಪ್ತಿ ಆಗುತ್ತೆ, ಈ ಲಿಂಕ್‌ನಲ್ಲಿ ಈಗಲೇ ಕಟ್ಟಿ" ಅಂತ ಫೋನ್ ಬಂತು, ಹಿಂದೆಯೇ ವಾಟ್ಸ್‌ಆ್ಯಪ್‌ನಲ್ಲಿ ಲಾಂಛನ ಹಾಕಿದ ನೋಟಿಸೂ ಬಂತು. ಪುಣ್ಯಕ್ಕೆ ಅವರು ಕಟ್ಟದೆ ನನಗೆ ತೋರಿಸಿದರು. ಕಳಿಸಿದ ಲಿಂಕ್ ಒತ್ತಿ ಕಟ್ಟಬೇಡಿ. ಅಧಿಕೃತ ವೆಬ್‌ಸೈಟ್‌ಗೆ ನೀವೇ ಹೋಗಿ ಪಿಐಡಿ ಅಥವಾ ಹಳೇ ರಸೀದಿಯ ಅರ್ಜಿ ಸಂಖ್ಯೆ ಹಾಕಿ ಕಟ್ಟಿ, ಇಲ್ಲವೇ ಬೆಂಗಳೂರು ಒನ್‌ಗೆ ಹೋಗಿ. ಯಾರಾದರೂ ಮೋಸ ಹೋದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಕಚೇರಿ ಹೊರಗೆ "ನಾನು ಸೆಟ್ಲ್ ಮಾಡಿಸ್ತೀನಿ" ಅನ್ನುವವರ ಕೈಗೂ ನಗದು ಕೊಡಬೇಡಿ. ರಸೀದಿ ಇಲ್ಲದ ದುಡ್ಡಿಗೆ ಕೋರ್ಟಿನಲ್ಲಿ ಲೆಕ್ಕವಿಲ್ಲ.

ಶ್ರೀನಗರದಿಂದ, ಕೇಳಿದವರು ಮತ್ತೆ:

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಆ್ಯಪ್‌ನಲ್ಲಿ ನೋಡಿದೆ, ಕೇಸ್ ನಿಜವೇ, ಸಿ.ಸಿ. ನಂಬರ್. ಅತ್ತೆಯವರು ಹೇಳಿದ ಕಡೆ ಹುಡುಕಿದಾಗ ಮಾವನವರ ರಸೀದಿಗಳೂ ಸಿಕ್ಕವು. ಇನ್ನೊಂದು ಪ್ರಶ್ನೆ: ಲೋಕ ಅದಾಲತ್‌ನಲ್ಲಿ ಇಂಥದ್ದು ಮುಗಿಸಬಹುದು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅದಕ್ಕೆ ಕಾಯಲಾ?

ಮಲ್ಲೇಶ್ವರದಿಂದ:

ಅದಾಲತ್ ಒಳ್ಳೆಯ ದಾರಿಯೇ. ಅಲ್ಲಿ ಎರಡೂ ಕಡೆಯವರು ಒಪ್ಪಿ ಆದ ತೀರ್ಮಾನ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಲೆಕ್ಕದಲ್ಲಿ ತಕರಾರಿದ್ದರೆ ಅದನ್ನು ಬಗೆಹರಿಸಿಕೊಂಡು ಹೋಗಿ, ಸಹಿ ಹಾಕಿದ ಮೇಲೆ ತಪ್ಪಾಯಿತು ಅನ್ನುವಂತಿಲ್ಲ. ಆದರೆ ಅದಾಲತ್ ಬರುತ್ತದೆ ಎಂದು ಈ ತಾರೀಖು ತಪ್ಪಿಸಬೇಡಿ. ಮರಣ ಪ್ರಮಾಣಪತ್ರ ತೆಗೆದುಕೊಂಡು ನೀವೋ ಯಜಮಾನರೋ ಹೋಗಿ. ಅತ್ತೆಯವರ ಹೆಸರು ಸಮನ್ಸ್‌ನಲ್ಲಿ ಇಲ್ಲವಾದ್ದರಿಂದ ಅವರು ಬರಬೇಕಾಗಿಲ್ಲ.

ಬಸವೇಶ್ವರನಗರದಿಂದ:

ಬೆಳಿಗ್ಗೆ ಕೋರ್ಟ್ ಶುರುವಾಗುವ ಮುಂಚೆಯೇ ಹಾಲ್ ಹತ್ತಿರ ಇರಿ. ಬಾಗಿಲಲ್ಲಿ ಅಂಟಿಸಿದ ಪಟ್ಟಿಯಲ್ಲಿ ನಿಮ್ಮ ಕ್ರಮಸಂಖ್ಯೆ ನೋಡಿಕೊಳ್ಳಿ. ಕೂಗುವುದು ಮಾವನವರ ಹೆಸರನ್ನು, ನಮ್ಮ ಹೆಸರು ಕೂಗಲಿಲ್ಲ ಅಂತ ಹೊರಗೆ ಕೂತುಬಿಡಬೇಡಿ. ಮೊಬೈಲ್ ಸದ್ದು ಆಫ್ ಮಾಡಿರಿ. ಎಲ್ಲ ಕಾಗದದ್ದೂ ಎರಡೆರಡು ಸೆಟ್ ಜೆರಾಕ್ಸ್ ಇರಲಿ, ಒಂದು ಕೋರ್ಟಿಗೆ, ಒಂದು ಪಾಲಿಕೆ ವಕೀಲರಿಗೆ. ಅಸಲು ಕೈಬಿಡಬೇಡಿ, ತೋರಿಸಿ ವಾಪಸ್ ಪಡೆಯಿರಿ.

ಕೇಸ್ ಮುಗಿದ ದಿನವೇ ಆದೇಶದ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಅದರ ಒಂದು ಪ್ರತಿಯನ್ನು ಎಆರ್‌ಒ ಕಡತಕ್ಕೆ ಸೇರಿಸಿ ಮೊಹರು ಹಾಕಿಸಿ. ಹಿಂದೆಯೇ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ ಅರ್ಜಿ ಕೊಡಿ. ಖಾತಾ ಅತ್ತೆಯವರ ಅಥವಾ ಯಜಮಾನರ ಹೆಸರಿಗೆ ಬಂದು, ಇ-ಖಾತಾದಲ್ಲೂ ಅದೇ ಹೆಸರು, ಅದೇ ಅಳತೆ ಕಾಣುವ ತನಕ ಬಿಡಬೇಡಿ. ಇಲ್ಲದಿದ್ದರೆ ಮುಂದಿನ ನೋಟಿಸೂ ಮಾವನವರ ಹೆಸರಿಗೇ ಬರುತ್ತದೆ. ಏಪ್ರಿಲ್ ತಿಂಗಳೊಳಗೆ ಆ ವರ್ಷದ್ದು ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿಯೂ ಇದೆ.