ಪ್ರಶ್ನೋತ್ತರ: ಮಗನ ಬೆನ್ನುಮೂಳೆಯಲ್ಲಿ ಗಡ್ಡೆ, ಆಪರೇಷನ್ ಬೇಕಾ?

ಪ್ರಶ್ನೆ (ಮದ್ದೂರಿನ ತಾಯಿ):
ನಮಸ್ಕಾರ ಡಾಕ್ಟ್ರೇ. ನನ್ನ ಮಗನಿಗೆ 16 ವರ್ಷ. ಒಂದು ವರ್ಷದಿಂದ ಸೊಂಟ ನೋವು. ರಾತ್ರಿ ಜಾಸ್ತಿ. ನೋವಿನ ಮಾತ್ರೆ ನುಂಗಿದರೆ ಮಾತ್ರ ನಿದ್ದೆ. ಈಗ ಬೆನ್ನು ಒಂದು ಕಡೆ ವಾಲಿದೆ. ಮಂಡ್ಯದಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದೆವು. ಸೊಂಟದ ಮೂರನೇ ಮೂಳೆಯ ಹಿಂಭಾಗದಲ್ಲಿ 9 ಮಿ.ಮೀ. ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಮೂಳೆಯ ಗಡ್ಡೆ (ಟ್ಯೂಮರ್) ಎಂದು ಬಂದಿದೆ. ಟ್ಯೂಮರ್ ಅಂದರೆ ಕ್ಯಾನ್ಸರ್ ಅಲ್ವಾ? ಆಪರೇಷನ್ ಮಾಡಿಸಿದರೆ ಕಾಲಿನ ಸ್ವಾಧೀನ ಹೋಗುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ.

ಉತ್ತರ (ಮೈಸೂರಿನ ಬೆನ್ನುಮೂಳೆ ಸರ್ಜನ್):
ಧೈರ್ಯ ತಂದುಕೊಳ್ಳಿ ಅಮ್ಮ. ಇದು ಕ್ಯಾನ್ಸರ್ ಅಲ್ಲ. ಬೇರೆ ಕಡೆಗೆ ಹರಡುವುದಿಲ್ಲ. ಹರೆಯದ ಮಕ್ಕಳಲ್ಲೇ ಇದು ಜಾಸ್ತಿ. ಈ ಪುಟ್ಟ ಗಡ್ಡೆ ಪ್ರೊಸ್ಟಗ್ಲಾಂಡಿನ್ ಎಂಬ ನೋವು ಹುಟ್ಟಿಸುವ ರಾಸಾಯನಿಕವನ್ನು ಸುರಿಸುತ್ತದೆ. ಐಬುಪ್ರೊಫೆನ್ ತರದ ಮಾತ್ರೆ ಅದನ್ನೇ ತಡೆಯುತ್ತದೆ. ಮಾತ್ರೆಗೆ ನೋವು ತಗ್ಗುವುದು ಅದಕ್ಕೇ. ಗಡ್ಡೆಯ ಕಡೆಯ ಸ್ನಾಯು ಬಿಗಿದು ಬೆನ್ನು ವಾಲಿದೆ.

ಬೆನ್ನು ನೆಟ್ಟಗಿದ್ದರೆ ಮಾತ್ರೆಯಲ್ಲೇ ಕೆಲವು ಕಾಲ ನೋಡಬಹುದಿತ್ತು. ಕೆಲವರಿಗೆ ವರ್ಷಗಳಲ್ಲಿ ತಾನೇ ಆರುತ್ತದೆ. ನಿಮ್ಮ ಮಗನ ವಿಷಯದಲ್ಲಿ ಸುಮ್ನೆ ಕಾಯುವುದು ನನಗೆ ಒಪ್ಪಿಗೆಯಿಲ್ಲ. ಬೆಳೆಯುವ ವಯಸ್ಸಿನಲ್ಲಿ ಈ ವಾಲು ಸುಮಾರು 15 ತಿಂಗಳು ದಾಟಿದರೆ, ಗಡ್ಡೆ ತೆಗೆದರೂ ಬೆನ್ನು ಪೂರ್ತಿ ನೆಟ್ಟಗಾಗದೆ ಉಳಿಯಬಹುದು. ದಿನವೂ ಮಾತ್ರೆ ನುಂಗಿದರೆ ಹೊಟ್ಟೆ, ಕಿಡ್ನಿಗೂ ಪೆಟ್ಟು.

ದಾರಿ ಎರಡು. ಸಿಟಿ ನೋಡಿಕೊಂಡು ಸೂಜಿ ಇಳಿಸಿ, ಅದರ ತುದಿಯನ್ನು 90 ಡಿಗ್ರಿಯಷ್ಟು ಕಾಯಿಸಿ ಗಡ್ಡೆಯನ್ನು ಸುಡುವುದು ಒಂದು. ಇದಕ್ಕೆ ರೇಡಿಯೋಫ್ರೀಕ್ವೆನ್ಸಿ ಎನ್ನುತ್ತಾರೆ. ದೊಡ್ಡ ಗಾಯ ಇರುವುದಿಲ್ಲ. ಆದರೆ ಗಡ್ಡೆ ನರಕ್ಕೆ ತೀರಾ ಹತ್ತಿರವಿದ್ದರೆ ಬಿಸಿ ನರಕ್ಕೂ ತಾಗುತ್ತದೆ. ಆಗ ಆಪರೇಷನ್ನೇ ಮೇಲು. ಮೂಳೆ ಕೊರೆದು ಗಡ್ಡೆಯ ತಿರುಳನ್ನು ಪೂರ್ತಿ ತೆಗೆಯುತ್ತೇವೆ. ಚೂರು ಉಳಿದರೂ ನೋವು ಮರಳಬಹುದು. ಕೀಲಿನ ಭಾಗ ಜಾಸ್ತಿ ತೆಗೆಯಬೇಕಾದರೆ ಮಾತ್ರ ಸ್ಕ್ರೂ, ರಾಡ್ ಹಾಕಬೇಕಾಗುತ್ತದೆ.

ಇನ್ನು ಕಾಲಿನ ಭಯ. ಮುಖ್ಯ ನರಹುರಿ ಸೊಂಟದ ಮೊದಲನೇ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಮೂರನೇ ಮೂಳೆಯ ಮಟ್ಟದಲ್ಲಿ ಇರುವುದು ಬಿಡಿ ಬಿಡಿ ನರಗಳು. ಅಪಾಯವೇ ಇಲ್ಲ ಎನ್ನಲಾರೆ, ಆದರೆ ನೆಂಟರು ಹೇಳುವಷ್ಟು ಖಂಡಿತ ಇಲ್ಲ.

ತಾಯಿ: ಅಲ್ಲಿಯವರೆಗೆ ಬೆನ್ನು ನೀವಿಸಬಹುದಾ ಡಾಕ್ಟ್ರೇ?

ಉತ್ತರ: ಬೇಡ ಅಮ್ಮ. ಗಡ್ಡೆ ಇರುವುದು ಮೂಳೆಯೊಳಗೆ, ನೀವಿದರೆ ಹೋಗುವುದಿಲ್ಲ. ಸಿಟಿ ಫಿಲ್ಮ್, ಸಿಡಿ ಎರಡನ್ನೂ ಹಿಡಿದುಕೊಂಡು ಬೆನ್ನುಮೂಳೆ ಸರ್ಜನ್ ಹತ್ತಿರ ಹೋಗಿ. ಬರೀ ರಿಪೋರ್ಟ್ ಸಾಲದು. ನರಕ್ಕೂ ಗಡ್ಡೆಗೂ ಎಷ್ಟು ಅಂತರವಿದೆ ಎಂದು ಕೇಳಿ.

ಇನ್ನೊಬ್ಬರು (ಸರಸ್ವತಿಪುರಂ): ಸರ್, ನಮ್ಮ ಅತ್ತೆಯವರ ಬೆನ್ನುಮೂಳೆಯ ಎಂಆರ್‌ಐನಲ್ಲಿ ಹೆಮಾಂಜಿಯೋಮಾ ಎಂದಿದೆ. ಅದಕ್ಕೂ ಆಪರೇಷನ್ನಾ?

ಉತ್ತರ: ಬಹುಪಾಲು ಬೇಕಿಲ್ಲ. ಅದು ರಕ್ತನಾಳದ ಗಂಟು. ಎಷ್ಟೋ ಜನರಿಗೆ ಗೊತ್ತೇ ಆಗದೆ ಇರುತ್ತದೆ. ನರ ಒತ್ತಿದರೆ, ಮೂಳೆ ಕುಸಿದರೆ ಮಾತ್ರ ಚಿಕಿತ್ಸೆ. ಯಾರಿಗೇ ಆಗಲಿ, ಕಾಲಿನಲ್ಲಿ ಬಲ ಕಡಿಮೆಯಾದರೆ ಅಥವಾ ಮೂತ್ರ ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಇಲ್ಲಿ ಕೇಳುತ್ತಾ ಕೂರಬೇಡಿ.