38ನೇ ವಯಸ್ಸಿನಲ್ಲಿ ಶಿಕ್ಷಕಿಯಾಗಲು ಓದು: ಬಿ.ಇಡಿ. ಸೇರಲೋ, ಡಿ.ಎಲ್.ಇಡಿ. ಸೇರಲೋ?

ಪ್ರಶ್ನೆ: ನಾಪೋಕ್ಲಿನ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನನಗೆ ಈಗ 38 ವರ್ಷ. ಮಡಿಕೇರಿಯಲ್ಲಿ ಓದಿ 2008ರಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಬಿ.ಎ. ಪದವಿ ಪಡೆದಿದ್ದೇನೆ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ನನ್ನ ಐಚ್ಛಿಕ ವಿಷಯಗಳು, ಒಟ್ಟು ಶೇ 57 ಅಂಕಗಳು. ತವರು ಹೆಬ್ಬಾಲೆ. ಮದುವೆಯಾಗಿ ನಾಪೋಕ್ಲು ಕಡೆಗೆ ಬಂದ ಮೇಲೆ ಮೂರು ಎಕರೆ ಕಾಫಿ ತೋಟ, ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ ಇವರ ನಡುವೆ ಹದಿನೇಳು ವರ್ಷ ಹೇಗೆ ಕಳೆದವೋ ತಿಳಿಯಲಿಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಪಕ್ಕದ ತೋಟದ ಲೈನ್ ಮನೆಯ ಆರೇಳು ಮಕ್ಕಳನ್ನು ನಮ್ಮ ಕಾಫಿ ಕಣದಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದೆ. ಮೂರನೇ ತರಗತಿಯ ಒಬ್ಬ ಹುಡುಗಿಗೆ 42ರಿಂದ 17 ಕಳೆಯುವುದು ಎಷ್ಟು ಹೇಳಿದರೂ ಹತ್ತುತ್ತಿರಲಿಲ್ಲ. ಹತ್ತತ್ತು ಕಾಫಿ ಬೀಜಗಳ ನಾಲ್ಕು ಗುಡ್ಡೆ ಮಾಡಿ, ಪಕ್ಕದಲ್ಲಿ ಬಿಡಿಯಾಗಿ ಎರಡು ಬೀಜ ಇಟ್ಟು, ಒಂದು ಗುಡ್ಡೆಯನ್ನು ಒಡೆದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, ತಾನೇ ಮುಂದಿನ ಲೆಕ್ಕಕ್ಕೆ ಇನ್ನೊಂದು ಗುಡ್ಡೆಯನ್ನು ಒಡೆದಳು. ಅಂದಿನಿಂದ ಶಿಕ್ಷಕಿಯಾಗಬೇಕೆಂಬ ಆಸೆ ತಲೆಯಿಂದ ಹೋಗಿಲ್ಲ. ಈಗ ಚಿಕ್ಕ ಮಗ ನಾಲ್ಕನೇ ತರಗತಿಗೆ ಬಂದಿರುವುದರಿಂದ ಸ್ವಲ್ಪ ಬಿಡುವೂ ಸಿಕ್ಕಿದೆ.

ಈ ವಯಸ್ಸಿನಲ್ಲಿ ಬಿ.ಇಡಿ.ಗೆ ಸೇರಿಸಿಕೊಳ್ಳುತ್ತಾರೆಯೇ? ಮನೆಯಿಂದಲೇ ದೂರಶಿಕ್ಷಣದಲ್ಲಿ ಮಾಡಬಹುದೇ? ಪರಿಚಯದವರೊಬ್ಬರು, ಬೇರೆ ರಾಜ್ಯದ ಒಂದು ಕಾಲೇಜಿನಲ್ಲಿ ಹೆಸರು ಹಚ್ಚಿದರೆ ಪರೀಕ್ಷೆಗೆ ಮಾತ್ರ ಹೋದರೆ ಸಾಕು, ಹಾಜರಾತಿಯ ಚಿಂತೆ ಬೇಡ ಎನ್ನುತ್ತಿದ್ದಾರೆ. ನನಗೆ ಇಷ್ಟವಿರುವುದು ಚಿಕ್ಕ ಮಕ್ಕಳಿಗೆ ಕಲಿಸುವುದು. ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1: ಕುಶಾಲನಗರದ ಪ್ರಾಥಮಿಕ ಶಾಲಾ ಶಿಕ್ಷಕ

ಮೇಡಂ, ನಿಮ್ಮ ಪತ್ರದ ಕೊನೆಯಲ್ಲಿ ಬಂದ ಮಾತೇ ಮೊದಲು ಬರಬೇಕಿತ್ತು. ವಯಸ್ಸು ಎಷ್ಟು ಎನ್ನುವುದಕ್ಕಿಂತ ಎಷ್ಟನೇ ತರಗತಿಗೆ ಕಲಿಸಬೇಕೆಂದಿದ್ದೀರಿ ಎನ್ನುವುದರ ಮೇಲೆಯೇ ಯಾವ ಓದು ಎಂಬುದು ನಿಂತಿದೆ. ಬಹಳ ಮಂದಿ ಶಿಕ್ಷಕ ವೃತ್ತಿ ಎಂದೊಡನೆ ಬಿ.ಇಡಿ. ಎಂದುಕೊಂಡು ಎರಡು ವರ್ಷ ಕಳೆದ ಮೇಲೆ ಪರಿತಪಿಸುತ್ತಾರೆ.

ಒಂದರಿಂದ ಐದನೇ ತರಗತಿಗೆ ಬೇಕಾಗಿರುವುದು ಡಿ.ಎಲ್.ಇಡಿ.; ನಮ್ಮ ಹಿರಿಯರು ಟಿ.ಸಿ.ಎಚ್. ಎನ್ನುತ್ತಿದ್ದದ್ದು, ಆಮೇಲೆ ಡಿ.ಇಡಿ. ಆದದ್ದು ಇದೇ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2018ರ ಜೂನ್‌ನಲ್ಲಿ ಬಿ.ಇಡಿ. ಆದವರೂ ಈ ತರಗತಿಗಳಿಗೆ ಅರ್ಹರು ಎಂದು ಅಧಿಸೂಚನೆ ಹೊರಡಿಸಿತ್ತು. ಆದರೆ 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿ ಬಿ.ಇಡಿ.ಯಲ್ಲಿ ಇಲ್ಲ ಎಂಬ ಕಾರಣಕ್ಕೆ ಅದನ್ನು ಒಪ್ಪಲಿಲ್ಲ. ಆದ್ದರಿಂದ ನೀವು ಬಿ.ಇಡಿ. ಮಾಡಿದರೆ, ನಿಮಗೆ ಅತ್ಯಂತ ಪ್ರಿಯವಾದ ಆ ಮೂರನೇ ತರಗತಿಯೇ ನಿಮ್ಮ ಕೈತಪ್ಪುತ್ತದೆ.

ಇದರ ಇನ್ನೊಂದು ಮಗ್ಗುಲನ್ನು ಯಾರೂ ಹೇಳುವುದಿಲ್ಲ. ಪದವಿಯ ಜೊತೆಗೆ ಡಿ.ಎಲ್.ಇಡಿ. ಇರುವವರು ಆರರಿಂದ ಎಂಟನೇ ತರಗತಿಯವರೆಗೂ ಅರ್ಹರು. ನಿಮ್ಮಲ್ಲಿ ಬಿ.ಎ. ಆಗಲೇ ಇದೆ. ಅಂದರೆ ಡಿ.ಎಲ್.ಇಡಿ. ಮುಗಿಸಿದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ, ಅಂದರೆ ಟಿಇಟಿಯ, ಎರಡೂ ಪತ್ರಿಕೆಗಳನ್ನು ನೀವು ಬರೆಯಬಹುದು; ಮೊದಲನೆಯದು ಒಂದರಿಂದ ಐದಕ್ಕೆ, ಎರಡನೆಯದು ಆರರಿಂದ ಎಂಟಕ್ಕೆ. ಪ್ರೌಢಶಾಲೆಗೆ ಹೋಗುವ ಮನಸ್ಸಿದ್ದರೆ ಮಾತ್ರ ಬಿ.ಇಡಿ. ಬೇಕೇಬೇಕು. ಡಿ.ಎಲ್.ಇಡಿ.ಗೆ ಪಿಯುಸಿಯಲ್ಲಿ ಶೇ 50 ಅಂಕ ಬೇಕು, ಬಿ.ಇಡಿ.ಗೆ ಪದವಿಯಲ್ಲಿ ಶೇ 50. ಮೀಸಲು ವರ್ಗದವರಿಗೆ ಇದರಲ್ಲಿ ರಿಯಾಯಿತಿ ಇದೆ.

ಟಿಇಟಿಯಲ್ಲಿ ಪ್ರತಿ ಪತ್ರಿಕೆಗೂ 150 ಅಂಕ. ಮೊದಲ ಪತ್ರಿಕೆಯಲ್ಲಿ ಶಿಶು ವಿಕಸನ ಮತ್ತು ಬೋಧನಾ ವಿಧಾನ, ಎರಡು ಭಾಷೆಗಳು, ಗಣಿತ, ಪರಿಸರ ಅಧ್ಯಯನ, ತಲಾ 30. ಎರಡನೆಯದರಲ್ಲಿ ಸಮಾಜ ವಿಜ್ಞಾನವೊಂದಕ್ಕೇ 60 ಅಂಕ. ಇತಿಹಾಸ ಓದಿದ ನಿಮಗೆ ಅದು ಅನುಕೂಲ. ತೇರ್ಗಡೆಗೆ ಶೇ 60, ಪರಿಶಿಷ್ಟರು ಮತ್ತು ಪ್ರವರ್ಗ 1ಕ್ಕೆ ಶೇ 55. ಬರೆಯಲು ಗರಿಷ್ಠ ವಯಸ್ಸು ಎಂಬುದಿಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಮೊದಲು ಏಳು ವರ್ಷಕ್ಕೆ ಸೀಮಿತವಾಗಿದ್ದ ಪ್ರಮಾಣಪತ್ರ 2021ರಿಂದ ಜೀವನಪರ್ಯಂತ ಮಾನ್ಯ. ಇದನ್ನು ತಪ್ಪಿಸಿಕೊಂಡು ಹೋಗುವ ದಾರಿಯನ್ನಂತೂ ಹುಡುಕಬೇಡಿ. 2025ರ ಸೆಪ್ಟೆಂಬರ್ 1ರ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ, ಈಗಾಗಲೇ ಸೇವೆಯಲ್ಲಿರುವ ಶಿಕ್ಷಕರೂ ಇದನ್ನು ಪಾಸು ಮಾಡಬೇಕಾಗಿದೆ.

ದೂರಶಿಕ್ಷಣದ ಬಿ.ಇಡಿ. ಇರುವುದು ನಿಜ, ಆದರೆ ಅದು ಈಗಾಗಲೇ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡುತ್ತಿರುವ ತರಬೇತಿ ಹೊಂದಿದ ಶಿಕ್ಷಕರಿಗೆ ಅಥವಾ ಡಿ.ಎಲ್.ಇಡಿ.ಯಂತಹ ತರಬೇತಿಯನ್ನು ಕಾಲೇಜಿಗೆ ಹೋಗಿ ಮುಗಿಸಿದವರಿಗೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ನಿಯಮವೂ ಹೀಗೆಯೇ ಇದೆ. ಹಾಜರಾತಿ ಬೇಡ ಎನ್ನುವವರ ಬಳಿ ಮಾತ್ರ ಸುಳಿಯಬೇಡಿ. ಎನ್‌ಸಿಟಿಇ ನಿಯಮದಂತೆ ತರಗತಿಗಳಿಗೆ ಶೇ 80, ಶಾಲೆಯಲ್ಲಿ ಮಾಡುವ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಕಡ್ಡಾಯ. ನನ್ನ ಸಂಬಂಧಿಕನೊಬ್ಬ ಇಂತಹದೇ ಮಾತು ನಂಬಿ ಹಣ ಕಟ್ಟಿ ಅಂಕಪಟ್ಟಿಯನ್ನೂ ತಂದ. ದಾಖಲೆ ಪರಿಶೀಲನೆಯ ದಿನ ಅದು ಉಪಯೋಗಕ್ಕೆ ಬರಲಿಲ್ಲ.

ಉತ್ತರ 2: ವಿರಾಜಪೇಟೆ, 41ರಲ್ಲಿ ಬಿ.ಇಡಿ. ಸೇರಿದವಳು

ನಿಯಮಗಳನ್ನು ಸರ್ ವಿವರವಾಗಿ ಬರೆದಿದ್ದಾರೆ, ನಾನು ದಿನನಿತ್ಯದ ಪಾಡನ್ನು ಬರೆಯುತ್ತೇನೆ.

ವಯಸ್ಸಿನ ಸಂಕೋಚ ಹದಿನೈದು ದಿನದ ಮಾತು. ಮೊದಲ ವಾರ ತರಗತಿಗೆ ಹೋದಾಗ ಹುಡುಗಿಯರೆಲ್ಲ ಎದ್ದು ನಿಂತು ಗುಡ್ ಮಾರ್ನಿಂಗ್ ಮೇಡಂ ಎಂದರು, ನಾನು ಉಪನ್ಯಾಸಕಿ ಎಂದುಕೊಂಡು. ತಿಂಗಳೊಳಗೆ ಎಲ್ಲರಿಗೂ ಅಕ್ಕ ಆದೆ, ರೆಕಾರ್ಡ್ ಬರೆಯುವಾಗ ನನ್ನ ಅಕ್ಷರ ಚೆನ್ನಾಗಿದೆ ಎಂದು ನನ್ನಿಂದಲೇ ಚಾರ್ಟ್‌ಗಳನ್ನು ಬರೆಸತೊಡಗಿದರು.

ಕಷ್ಟವಾದದ್ದು ಸೂಕ್ಷ್ಮ ಬೋಧನೆ. ಐದಾರು ನಿಮಿಷದಲ್ಲಿ ಒಂದೇ ಒಂದು ಕೌಶಲ, ಉದಾಹರಣೆಗೆ ಪ್ರಶ್ನೆ ಕೇಳುವುದು ಅಥವಾ ಕಪ್ಪುಹಲಗೆ ಬಳಸುವುದು, ಅದನ್ನಷ್ಟೇ ಮಾಡಿ ತೋರಿಸಬೇಕು. ಸಹಪಾಠಿಗಳೇ ಮಕ್ಕಳಂತೆ ಎದುರು ಕುಳಿತಿರುತ್ತಾರೆ, ಹಿಂದಿನ ಬೆಂಚಿನಲ್ಲಿ ಉಪನ್ಯಾಸಕರು ಹಾಳೆ ಹಿಡಿದು ಗುರುತು ಹಾಕುತ್ತಿರುತ್ತಾರೆ. ಮನೆಯಲ್ಲಿ ಇಬ್ಬರು ಮಕ್ಕಳಿಗೆ ಪಾಠ ಹೇಳಿಕೊಟ್ಟ ನಾನು ಅಲ್ಲಿ ಪ್ರಶ್ನೆ ಕೇಳಿ ಉತ್ತರವನ್ನೂ ನಾನೇ ಹೇಳಿಬಿಡುತ್ತಿದ್ದೆ. ಮೂರು ಸಲ ಮತ್ತೆ ಮಾಡಿಸಿದರು. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು ನಾನು ಕಲಿತದ್ದು ನಲವತ್ತೊಂದನೇ ವಯಸ್ಸಿನಲ್ಲಿ!

ತೋಟದವರಿಗೆ ದೊಡ್ಡ ತೊಡಕು ಕಾಫಿ ಕುಯ್ಲು. ವರ್ಷಕ್ಕೆ 200 ಕೆಲಸದ ದಿನಗಳ ಪೈಕಿ ಶೇ 80 ಎಂದರೆ ನಿಮಗೆ ಉಳಿಯುವುದು ನಲವತ್ತು ದಿನ, ಅದರಲ್ಲೇ ಮಕ್ಕಳ ಜ್ವರ, ಪುತ್ತರಿ, ಮದುವೆ ಮುಂಜಿ ಎಲ್ಲವೂ ಆಗಬೇಕು. ಎರಡನೇ ವರ್ಷದ ಇಂಟರ್ನ್‌ಶಿಪ್ 16 ವಾರ, ನನಗೆ ಅದು ರೊಬಸ್ಟಾ ಕುಯ್ಲಿನ ಜನವರಿಯವರೆಗೂ ಎಳೆಯಿತು. ಬೆಳಿಗ್ಗೆ ಐದಕ್ಕೆ ಎದ್ದು ಪಾಠಯೋಜನೆ ಬರೆದು, ಅಡುಗೆ ಮುಗಿಸಿ, ಆಳುಗಳಿಗೆ ಕೆಲಸ ಹೇಳಿ ಬಸ್ಸು ಹಿಡಿಯುತ್ತಿದ್ದೆ. ಕುಯ್ದ ಕಾಫಿಯ ತೂಕ ನೋಡುವ ಕೆಲಸವನ್ನು ಆ ವರ್ಷ ಯಜಮಾನರಿಗೆ ಒಪ್ಪಿಸಿದೆ, ಮತ್ತೆ ನನಗೆ ವಾಪಸು ಬರಲಿಲ್ಲ. ಡಿ.ಎಲ್.ಇಡಿ.ಯೂ ಎರಡು ವರ್ಷವೇ. ಎರಡರಲ್ಲೂ ಅನಿವಾರ್ಯವಾದರೆ ಸೇರಿದ ದಿನದಿಂದ ಗರಿಷ್ಠ ಮೂರು ವರ್ಷದೊಳಗೆ ಮುಗಿಸಲು ಅವಕಾಶವಿದೆ, ಅದನ್ನು ಮೊದಲೇ ತಿಳಿದುಕೊಂಡಿರಿ.

ಮಳೆಗಾಲದ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ನೀರು ಏರಿ ಭಾಗಮಂಡಲ ರಸ್ತೆ ಮುಚ್ಚಿದ ದಿನವೂ ಹಾಜರಿ ಪುಸ್ತಕ ತೆರೆದೇ ಇರುತ್ತದೆ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ನಮಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದ್ದರೂ ನಮ್ಮ ಜಿಲ್ಲೆಯ ಬಹಳಷ್ಟು ಊರುಗಳಿಗೆ ಹೊತ್ತಿಗೆ ಸರಿಯಾಗಿ ಬರುವುದು ಖಾಸಗಿ ಬಸ್ಸೇ, ಆದ್ದರಿಂದ ಬಸ್ಸಿನ ಖರ್ಚನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಉತ್ತರ 3: ಸೋಮವಾರಪೇಟೆ, ನಿವೃತ್ತ ಮುಖ್ಯಶಿಕ್ಷಕ

ತಂಗಿ, ಕಾಫಿ ಬೀಜದ ಗುಡ್ಡೆಯ ವಿಷಯ ಓದಿ ಸಂತೋಷವಾಯಿತು. ಆದರೆ ಕಣದಲ್ಲಿ ಆರು ಮಕ್ಕಳಿಗೆ ಕಲಿಸುವುದಕ್ಕೂ ಶಾಲೆಯಲ್ಲಿ ಕಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ಸೇರುವ ಮೊದಲೇ ಕಣ್ಣಾರೆ ನೋಡುವುದು ಒಳ್ಳೆಯದು.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ನಲಿಕಲಿಯಲ್ಲಿ ಒಟ್ಟಿಗೆ ಕೂರುತ್ತಾರೆ. ಇದು 1995ರಲ್ಲಿ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ. ಕಲಿಕಾ ಏಣಿಯ ಮೇಲೆ ಪ್ರತಿ ಮಗುವೂ ತನ್ನದೇ ಮೆಟ್ಟಿಲಿನಲ್ಲಿರುತ್ತದೆ. ಶಿಕ್ಷಕರ ಪೂರ್ಣ ಸಹಾಯದ ತಟ್ಟೆಯಿಂದ ಸ್ವಕಲಿಕೆಯ ತಟ್ಟೆಯವರೆಗೆ ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ಮಕ್ಕಳು ಹಂಚಿಹೋಗಿರುತ್ತಾರೆ. ಒಂದು ತಟ್ಟೆಯಲ್ಲಿ ಕುಳಿತು ಕಲಿಸುವಾಗ ಉಳಿದ ನಾಲ್ಕರ ಮೇಲೆ ಕಿವಿ ಇರಬೇಕು.

ಇದರ ಮೇಲೆ ಕೊಡಗಿನ ಭಾಷೆಗಳು. ನನ್ನ ಕೊನೆಯ ಶಾಲೆಯಲ್ಲಿ ಒಂದನೇ ತರಗತಿಗೆ ಬಂದ ಮಕ್ಕಳಿಗೆ ಬೆಕ್ಕಿನ ಚಿತ್ರದ ಕಾರ್ಡು ತೋರಿಸಿದಾಗ ಒಬ್ಬ ಪೂಚ್ಚ ಎಂದ, ಒಬ್ಬಳು ಪೂನ ಎಂದಳು, ತೋಟದ ಕೆಲಸಕ್ಕೆ ಅಸ್ಸಾಂನಿಂದ ಬಂದಿದ್ದ ದಂಪತಿಯ ಮಗ ಮೇಕುರಿ ಎಂದ. ಬೆಕ್ಕು ಎಂದವರು ಯಾರೂ ಇಲ್ಲ. ಬ ಅಕ್ಷರಕ್ಕಾಗಿ ಮಾಡಿದ್ದ ಕಾರ್ಡು ಅದು! ಮೂರೂ ಹೆಸರನ್ನು ಹಲಗೆಯ ಮೇಲೆ ಕನ್ನಡ ಅಕ್ಷರದಲ್ಲಿ ಬರೆದು, ನಾಲ್ಕನೆಯದಾಗಿ ಬೆಕ್ಕು ಎಂದು ಬರೆದೆ. ಹಾಡಿಯಿಂದ ಬರುವ ಯರವ, ಜೇನುಕುರುಬ ಮಕ್ಕಳಿಗೂ ಇದೇ ಮಾತು: ಮಗುವಿಗೆ ಕನ್ನಡ ಬರುವುದಿಲ್ಲ ಎಂದರೆ ಏನೂ ಬರುವುದಿಲ್ಲ ಎಂದಲ್ಲ, ಆದರೆ ನನ್ನನ್ನೂ ಸೇರಿಸಿ ಅನೇಕರು ಮೊದಲ ವರ್ಷಗಳಲ್ಲಿ ಹಾಗೆಯೇ ಎಣಿಸಿದ್ದೆವು.

ಹತ್ತಿರದ ಶಾಲೆಯ ಮುಖ್ಯಶಿಕ್ಷಕರನ್ನು ಕೇಳಿ, ಒಂದು ವಾರ ನಲಿಕಲಿ ಕೊಠಡಿಯ ಮೂಲೆಯಲ್ಲಿ ಕುಳಿತು ನೋಡಿ. ಬೆನ್ನು ನೋವು ಬರುವುದು ಖಚಿತ, ಕೂರುವುದು ಚಾಪೆಯ ಮೇಲೆ.

ಉತ್ತರ 4: ಮಡಿಕೇರಿ, ನಾಲ್ಕು ವರ್ಷದಿಂದ ಕಾಯುತ್ತಿರುವವನು

ಯಾರೂ ಹೇಳದ ಒಂದು ಮಾತನ್ನು ಹೇಳುತ್ತೇನೆ, ಕಹಿ ಎನಿಸಿದರೆ ಕ್ಷಮಿಸಿ. ಅರ್ಹತೆ ಬೇರೆ, ಹುದ್ದೆ ಬೇರೆ. ಸರ್ಕಾರ 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಪರೀಕ್ಷೆ ನಡೆಸಿತು. ಹುದ್ದೆಗಳು ಜಿಲ್ಲಾವಾರು ಹಂಚಿಕೆಯಾಗುತ್ತವೆ, ಜನಸಂಖ್ಯೆಯಲ್ಲಿ ರಾಜ್ಯಕ್ಕೇ ಚಿಕ್ಕದಾದ ನಮ್ಮ ಜಿಲ್ಲೆಗೆ ಬರುವ ಪಾಲೂ ಚಿಕ್ಕದೇ. ವಯೋಮಿತಿಯನ್ನು ಪ್ರತಿ ಅಧಿಸೂಚನೆಯೂ ವರ್ಗಕ್ಕೆ ತಕ್ಕಂತೆ ಹೇಳುತ್ತದೆ. ನೀವು ಓದು ಮುಗಿಸುವಾಗ ನಿಮಗೆ ನಲವತ್ತು ದಾಟಿರುತ್ತದೆ ಎಂಬುದನ್ನು ಲೆಕ್ಕವಿಟ್ಟುಕೊಂಡೇ ಮುಂದುವರಿಯಿರಿ. ಅಲ್ಲಿಯವರೆಗೆ ಅತಿಥಿ ಶಿಕ್ಷಕರಾಗಿ ಹೋಗಬಹುದು. 2025ರ ಬಜೆಟ್‌ನಲ್ಲಿ ಗೌರವಧನವನ್ನು 2,000 ರೂಪಾಯಿ ಹೆಚ್ಚಿಸಿದ ಮೇಲೆ ಪ್ರಾಥಮಿಕ ಶಾಲೆಗೆ ತಿಂಗಳಿಗೆ 12,000 ಆಗಿದೆ. ಬೇಸಿಗೆ ರಜೆಯಲ್ಲಿ ಅದೂ ಇರುವುದಿಲ್ಲ.

ಒಂದು ಉಪಯೋಗದ ಮಾತನ್ನೂ ಸೇರಿಸುತ್ತೇನೆ. ನೀವು ಒಂದರಿಂದ ಹತ್ತನೇ ತರಗತಿಯವರೆಗೆ ಹೆಬ್ಬಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಗ್ರಾಮೀಣ ಅಭ್ಯರ್ಥಿಗಳ ಶೇ 25 ಮತ್ತು ಕನ್ನಡ ಮಾಧ್ಯಮದ ಶೇ 5 ಮೀಸಲಾತಿಗೆ ಅರ್ಹರಾಗಬಹುದು. ಓದಿದ ಶಾಲೆಯಿಂದ ಆ ಪ್ರಮಾಣಪತ್ರಗಳನ್ನು ಈಗಲೇ ಬರೆಸಿಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಿಡಿ. ಕೊನೆಯ ದಿನಾಂಕದ ಹಿಂದಿನ ದಿನ ಆ ಕಚೇರಿಯ ಮುಂದೆ ನಿಂತವರಿಗೆ ಗೊತ್ತು ಅದರ ಪಾಡು.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಧನ್ಯವಾದ. ಡಿ.ಎಲ್.ಇಡಿ.ಯಿಂದ ಎಂಟನೇ ತರಗತಿಯವರೆಗೂ ದಾರಿಯಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಪರಿಚಯದವರಿಗೆ ಫೋನ್ ಮಾಡಿ ಬೇಡ ಎಂದು ಹೇಳಿಬಿಟ್ಟೆ. ಈಗ ಉಳಿದ ತೊಡಕು ಒಂದೇ: ಡಿ.ಎಲ್.ಇಡಿ. ಕಲಿಸುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಇರುವುದು ಕೂಡಿಗೆಯಲ್ಲಿ, ನಾಪೋಕ್ಲಿನಿಂದ ಒಂದು ಕಡೆಗೇ 50 ಕಿಲೋಮೀಟರಿಗೂ ಹೆಚ್ಚು. ದಿನಾ ಓಡಾಡುವುದು ಆಗದ ಮಾತು. ಆದರೆ ಹೆಬ್ಬಾಲೆಯಿಂದ ಕೂಡಿಗೆ ಕೂಗಳತೆಯಲ್ಲೇ ಇದ್ದಂತೆ. ಚಿಕ್ಕವನನ್ನು ಅಲ್ಲಿಯ ಶಾಲೆಗೆ ಸೇರಿಸಿ, ವಾರದ ದಿನಗಳಲ್ಲಿ ತವರಿನಲ್ಲಿದ್ದು ಶನಿವಾರ ಸಂಜೆ ಬರುವುದೆಂದು ಯಜಮಾನರು ಹೇಳುತ್ತಿದ್ದಾರೆ. ಅತ್ತೆಯವರು ಇನ್ನೂ ಏನೂ ಹೇಳಿಲ್ಲ, ನಿನ್ನೆ ರಾತ್ರಿ ಮಾತ್ರ ಹೆಬ್ಬಾಲೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.

ಉತ್ತರ 1ರ ಬರಹಗಾರರಿಂದ

ಹಾಗಾದರೆ ಸೋಮವಾರವೇ ಕೂಡಿಗೆಗೆ ಹೋಗಿ ಸೀಟು, ಶುಲ್ಕ, ಅರ್ಜಿಯ ದಿನಾಂಕ ವಿಚಾರಿಸಿ ಬನ್ನಿ. ಪಿಯುಸಿ ಅಂಕಪಟ್ಟಿಯ ಮೂಲಪ್ರತಿ ಮರೆಯಬೇಡಿ, ಡಿ.ಎಲ್.ಇಡಿ.ಗೆ ನೋಡುವುದು ಅದನ್ನೇ, ಬಿ.ಎ.ಯದ್ದಲ್ಲ.