ಹಳದಿ ಗಂಡಲ್ಲ, ಬಿಳಿ ಹೆಣ್ಣಲ್ಲ: ಮುಳ್ಳು ಜೇಡದ ವಿಷಯ

ಚಿಕ್ಕಮ್ಮ, ನೀವು ಗ್ರೂಪಲ್ಲಿ ಹಾಕಿದ ಮುಳ್ಳು ಜೇಡದ ಎರಡೂ ಫೋಟೋ ನೋಡಿದೆ, ಒಂದು ಹಳದಿ, ಒಂದು ಬಿಳಿ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೆ ವಾಯ್ಸ್ ಮೆಸೇಜೇ ಕಳಿಸ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಕೇಳಿ.

ಮೊದಲು ಮಾವ ಬರೆದಿದ್ದಕ್ಕೆ ಹೇಳಿಬಿಡ್ತೀನಿ. ಹಳದಿ ಇರೋದು ಗಂಡು, ಬಿಳಿ ಇರೋದು ಹೆಣ್ಣು ಅಂದ್ರಲ್ಲ ಮಾವ, ಹಾಗಲ್ಲ. ಎರಡೂ ಹೆಣ್ಣೇ. ಇವು ಗ್ಯಾಸ್ಟೆರಕಾಂತ ಅನ್ನೋ ಗುಂಪಿನ ಜೇಡಗಳು. ಇದರಲ್ಲಿ ಬಲೆ ನಡುವೆ ಕೂತು ಕಣ್ಣಿಗೆ ಬೀಳೋದು, ಮುಳ್ಳು ಬಣ್ಣ ಎಲ್ಲ ಇರೋದು, ಹೆಣ್ಣು. ಅಮೆರಿಕ ಖಂಡಗಳಲ್ಲಿ ಸಿಗೋ ಕ್ಯಾಂಕ್ರಿಫಾರ್ಮಿಸ್ ಅನ್ನೋ ಜಾತೀನೇ ತಗೊಳ್ಳಿ, ಅದರ ಅಳತೆ ಚೆನ್ನಾಗಿ ದಾಖಲಾಗಿದೆ. ಹೆಣ್ಣು 5ರಿಂದ 9 ಮಿಲಿಮೀಟರ್ ಉದ್ದ, 10ರಿಂದ 13 ಮಿಲಿಮೀಟರ್ ಅಗಲ. ಉದ್ದಕ್ಕಿಂತ ಅಗಲವೇ ಜಾಸ್ತಿ, ಏಡಿ ಚಿಪ್ಪಿನ ಥರ. ಗಂಡು ಬರೀ 2ರಿಂದ 3 ಮಿಲಿಮೀಟರ್, ಉದ್ದ ಮುಳ್ಳೂ ಇರಲ್ಲ, ಹೆಣ್ಣಿನ ಬಲೆಯ ಪಕ್ಕದಲ್ಲಿ ಒಂದೇ ಎಳೆ ಹಿಡಿದು ಜೋತಾಡ್ತಾ ಇರುತ್ತೆ. ಹತ್ತಿರ ಹೋಗೋಕೆ ಮುಂಚೆ ಆ ಎಳೆಯನ್ನ ತಾಳ ಹಾಕಿದ ಹಾಗೆ ತಟ್ಟುತ್ತೆ, ಬಂದಿರೋದು ಊಟ ಅಲ್ಲ ಅಂತ ಗೊತ್ತಾಗ್ಲಿ ಅಂತ. ನಿಮ್ಮ ಫೋಟೋದ ಅಂಚಲ್ಲಿ ಕಸದ ಚೂರಿನ ಥರ ಕಾಣೋದನ್ನ ಝೂಮ್ ಮಾಡಿ ನೋಡಿ, ಅದೇ ಗಂಡಿರಬಹುದು.

ಬಣ್ಣ ನೋಡಿ ಜಾತಿ ಹೇಳೋಕೆ ಹೋದ್ರೆ ಖಂಡಿತ ತಪ್ಪುತ್ತೆ. ಈಗ ಹೇಳಿದ ಆ ಒಂದೇ ಜಾತಿಯಲ್ಲಿ ಬೆನ್ನು ಬಿಳಿ ಇರಬಹುದು, ಹಳದಿ ಇರಬಹುದು, ಕಿತ್ತಳೆ ಇರಬಹುದು. ಮುಳ್ಳು ಕೆಂಪೂ ಇರುತ್ತೆ, ಕಪ್ಪೂ ಇರುತ್ತೆ. ನೋಡಬೇಕಾದ್ದು ಮುಳ್ಳನ್ನ. ಸಾಮಾನ್ಯವಾಗಿ ಆರು ಇರುತ್ತೆ, ಮೂರು ಜೊತೆ: ಮುಂದಿನ ಜೊತೆ, ಪಕ್ಕದ ಜೊತೆ, ಹಿಂದಿನ ಜೊತೆ. ಯಾವ ಜೊತೆ ಉದ್ದ, ಬುಡ ಎಷ್ಟು ದಪ್ಪ, ತುದಿ ನೆಟ್ಟಗಿದೆಯಾ ಬಾಗಿದೆಯಾ, ಇದೇ ಗುರುತು. ಇದರ ಹತ್ತಿರದ ಸಂಬಂಧಿ, ಏಷ್ಯಾದ ಮ್ಯಾಕ್ರಕಾಂತ ಆರ್ಕುವಾಟ ಅನ್ನೋ ಜೇಡದಲ್ಲಿ ಪಕ್ಕದ ಜೊತೆ ಮೈಗಿಂತ ಉದ್ದವಾಗಿ ಕೊಂಬಿನ ಹಾಗೆ ಬಾಗಿರುತ್ತೆ, ಅದನ್ನ ಬೇರೆ ಯಾವುದಕ್ಕೂ ತಪ್ಪು ತಿಳಿಯೋಕೇ ಆಗಲ್ಲ. ಥೆಲಕಾಂತ ಅನ್ನೋ ಇನ್ನೊಂದು ಸಂಬಂಧಿಯಲ್ಲಿ ಮುಳ್ಳು ಮೊಂಡು, ಗಂಟಿನ ಥರ. ದಕ್ಷಿಣ ಭಾರತ, ಶ್ರೀಲಂಕಾದಲ್ಲಿ ಸಿಗೋ ಗ್ಯಾಸ್ಟೆರಕಾಂತ ಜೆಮಿನಾಟ ಅನ್ನೋ ಜಾತಿಯ ಬೆನ್ನ ಮೇಲೆ ಅಡ್ಡ ಪಟ್ಟೆ. ಇನ್ನು ಬೆನ್ನ ಮೇಲೆ ಸಾಲಾಗಿ ಕಪ್ಪು ಚುಕ್ಕಿ ಇದೆಯಲ್ಲ, ಪುಟ್ಟಿ ಅದನ್ನ ಕಣ್ಣು ಅಂದುಕೊಂಡಿದಾಳೆ. ಅದು ಒಳಗಿನ ಸ್ನಾಯುಗಳು ಚಿಪ್ಪಿಗೆ ಅಂಟಿಕೊಳ್ಳೋ ಜಾಗದ ಗುಳಿ. ಕಣ್ಣು ಎಂಟೂ ಮುಂದೆ, ತಲೆ ಹತ್ತಿರ, ತುಂಬಾ ಸಣ್ಣವು.

ಹಾಗಾಗಿ ಇನ್ನೊಂದ್ಸಲ ಫೋಟೋ ತೆಗೀರಿ. ಇದರ ಬಲೆ ನೇರ ನಿಂತಿರಲ್ಲ, ವಾಲಿರುತ್ತೆ. ಜೇಡ ಅದರ ಕೆಳಮಗ್ಗುಲಲ್ಲಿ ನೇತಾಡೋದರಿಂದ ಬೆನ್ನು ನೆಲದ ಕಡೆ ಇರುತ್ತೆ. ನೀವು ಮೇಲಿಂದ ತೆಗೆದಿದ್ದಕ್ಕೆ ಒಂದು ಫೋಟೋದಲ್ಲಿ ಬರೀ ಕಪ್ಪು ಹೊಟ್ಟೆ ಬಂದಿದೆ. ಬಗ್ಗಿ ಕೆಳಗಿಂದ ಒಂದು, ಪಕ್ಕದಿಂದ ಒಂದು, ಬಲೆ ಪೂರ್ತಿ ಕಾಣೋ ಹಾಗೆ ಒಂದು. ಫ್ಲ್ಯಾಶ್ ಬೇಡ, ಚಿಪ್ಪು ಹೊಳೆಯುತ್ತೆ, ಬಣ್ಣ ಬೆಳ್ಳಗಾಗಿಬಿಡುತ್ತೆ. ಫೋಕಸ್ ಹಿಂದಿನ ಎಲೆಗಳ ಮೇಲೆ ಹೋಗ್ತಿದ್ರೆ ಜೇಡದ ಹಿಂದೆ ಒಂದಡಿ ದೂರದಲ್ಲಿ ಕಪ್ಪು ಬಟ್ಟೆ ಹಿಡೀರಿ. ಬಲೆ ಚೆನ್ನಾಗಿ ಕಾಣ್ಲಿ ಅಂತ ಕೆಲವರು ಹಿಟ್ಟೋ ಪೌಡರೋ ಉದುರಿಸ್ತಾರೆ, ಅದು ಮಾಡಲೇಬೇಡಿ. ನಡುವಿನಿಂದ ಹೊರಗೆ ಹೋಗೋ ಎಳೆಗಳಲ್ಲಿ ಅಂಟು ಇರಲ್ಲ, ಸುತ್ತ ಹೋಗೋ ಸುರುಳಿ ಎಳೆಯಲ್ಲಿ ಮಾತ್ರ ಅಂಟಿನ ಹನಿ ಇರೋದು. ಪುಡಿ ಕೂತ್ರೆ ಆ ಹನಿ ಸತ್ತ ಹಾಗೆ, ಬಲೆ ದಂಡ.

ಮುಳ್ಳಲ್ಲಿ ವಿಷ ಇದೆ ಅನ್ನೋ ಫಾರ್ವರ್ಡ್ ಯಾರು ಹಾಕಿದ್ರೋ, ದಯವಿಟ್ಟು ಮುಂದೆ ಕಳಿಸಬೇಡಿ. ಮುಳ್ಳಲ್ಲಿ ವಿಷ ಇಲ್ಲ, ಅದು ಗಟ್ಟಿ ಚಿಪ್ಪಿನದ್ದೇ ಭಾಗ, ನುಂಗೋಕೆ ಬರೋರಿಗೆ ಅಡ್ಡಿ ಅಷ್ಟೇ. ಬೇಟೆಗೆ ಬೇಕಾದ ವಿಷ ಹೆಚ್ಚಿನ ಜೇಡಗಳಿಗೆ ಇರೋ ಹಾಗೆ ಇದಕ್ಕೂ ಇದೆ, ಆದ್ರೆ ಮನುಷ್ಯರಿಗೆ ಅಪಾಯ ಇಲ್ಲ. ಕೈಯಲ್ಲಿ ಅದುಮಿ ಹಿಡಿದ್ರೆ ಕಚ್ಚಬಹುದು, ಸ್ವಲ್ಪ ಉರಿಯಬಹುದು. ತಾನಾಗಿ ಬಂದು ಕಚ್ಚೋ ಪ್ರಾಣಿ ಅಲ್ಲ ಇದು.

ಬಣ್ಣ ಯಾಕೆ ಅಂತ ಕೇಳಿದ್ರಲ್ಲ. ಹುಳಗಳನ್ನ ಹತ್ತಿರ ಸೆಳೆಯೋಕೆ ಅನ್ನೋದು ಒಂದು ವಾದ. ಆಸ್ಟ್ರೇಲಿಯಾದಲ್ಲಿ ಫಾರ್ನಿಕಾಟ ಜಾತಿಯ ಬೆನ್ನಿನ ಪಟ್ಟೆಗೆ ಕಪ್ಪು ಬಳಿದು ನೋಡಿದಾಗ ಬೇಟೆ ಕಮ್ಮಿ ಬಿತ್ತು. ಕ್ಯಾಂಕ್ರಿಫಾರ್ಮಿಸ್ ಮೇಲೆ ಅದೇ ಥರ ಬಣ್ಣ ಬಳಿದು ನೋಡಿದಾಗ ವ್ಯತ್ಯಾಸವೇ ಕಾಣಲಿಲ್ಲ. ಒಂದು ಜಾತಿಯ ಉತ್ತರಾನ ಇಡೀ ಗುಂಪಿಗೆ ಅಂಟಿಸಬಾರದು ಅಂತಲೇ ನನ್ನ ಅಭಿಪ್ರಾಯ. ಬಲೆಯ ಹೊರಗಿನ ಎಳೆಗಳ ಮೇಲೆ ಹತ್ತಿ ಉಂಡೆ ಥರ ಬಿಳಿ ಚುಕ್ಕಿ ಕಾಣುತ್ತಲ್ಲ, ಅದೂ ಹೀಗೇ. ಹಕ್ಕಿಗಳು ನೋಡಿ ಬಲೆಗೆ ಡಿಕ್ಕಿ ಹೊಡೀದೇ ಹೋಗ್ಲಿ ಅಂತ ಅನ್ನೋರಿದ್ದಾರೆ, ಹುಳ ಸೆಳೆಯೋಕೆ ಅನ್ನೋರೂ ಇದ್ದಾರೆ.

ಸರಿ, ಬಾಗಿಲಿಗೆ ಅಡ್ಡ ಬಲೆ ಕಟ್ಟಿರೋ ಜೇಡಾನ ಏನು ಮಾಡೋದು. ಪೊರಕೆಯಲ್ಲಿ ದಿನಾ ಹೊಡೀಬೇಡಿ. ಹೀಗೆ ಚಕ್ರದ ಥರ ಬಲೆ ಕಟ್ಟೋ ಜೇಡಗಳು ಸಾಮಾನ್ಯವಾಗಿ ಹಳೇ ಬಲೆಯನ್ನ ತಾವೇ ತಿಂದು ಅದೇ ಪ್ರೋಟೀನಿನಿಂದ ಹೊಸ ಎಳೆ ಮಾಡಿಕೊಳ್ತವೆ. ಪೊರಕೆಗೆ ಹೋದ್ರೆ ಅಷ್ಟೂ ನಷ್ಟ. ಸ್ಪ್ರೇ ಅಂತೂ ಬೇಡ. ನಿಮ್ಮ ಗಿಡಗಳಿಗೆ ಕಾಟ ಕೊಡೋ ಬಿಳಿ ನೊಣ, ಸಣ್ಣ ಪತಂಗ, ಸೊಳ್ಳೆ ಎಲ್ಲ ಇದು ಪುಕ್ಕಟೆಯಾಗಿ ಹಿಡೀತಿದೆ. ಅಗಲ ಬಾಯಿಯ ಡಬ್ಬ ಒಂದು, ದಪ್ಪ ರಟ್ಟು ಒಂದು ತಗೊಳ್ಳಿ. ಡಬ್ಬವನ್ನ ಮೊದಲು ಜೇಡದ ಕೆಳಗೆ ಹಿಡೀರಿ, ಆಮೇಲೆ ರಟ್ಟನ್ನ ಮೇಲಿಂದ ತನ್ನಿ. ಎಲ್ಲರೂ ಎಡವೋದು ಇಲ್ಲೇ: ಮೇಲಿಂದ ಮೊದಲು ಕೈ ಹಾಕಿದ್ರೆ ಅದು ಎಳೆ ಬಿಟ್ಕೊಂಡು ಸರ್ರನೆ ಕೆಳಗೆ ಇಳಿದು ಮಾಯ. ಬೆರಳಲ್ಲಿ ಹಿಡೀಬೇಡಿ, ಕಾಲು ಮುರಿಯುತ್ತೆ. ಬಲೆ ಜೊತೆಗೆ ಸಾಗಿಸೋ ಪ್ರಯತ್ನವೂ ಬೇಡ, ಅದು ಮುದ್ದೆ ಆಗುತ್ತೆ, ಹೊಸದನ್ನ ಅದೇ ಕಟ್ಟಿಕೊಳ್ಳುತ್ತೆ. ಡಬ್ಬವನ್ನ ಬಿಸಿಲಲ್ಲಿ ಇಡದೆ ಆಗಲೇ ಒಯ್ದು, ಆಳೆತ್ತರದ ಎರಡು ಪೊದೆ ನಡುವೆ ಒಂದು ಮೀಟರಷ್ಟು ಜಾಗ ಇರೋ ಕಡೆ ಕೊಂಬೆ ಮೇಲೆ ಬಿಡಿ. ಜನ ಓಡಾಡೋ ದಾರಿಯಿಂದ ದೂರ ಇದ್ರೆ ಸಾಕು.

ಒಯ್ಯೋಕೆ ಮುಂಚೆ ಹತ್ತಿರದ ಎಲೆಗಳ ಅಡಿಭಾಗ ನೋಡಿ. ಕ್ಯಾಂಕ್ರಿಫಾರ್ಮಿಸ್ ಮೊಟ್ಟೆಚೀಲವನ್ನ ಎಲೆ ಕೆಳಗೆ ಅಂಟಿಸುತ್ತೆ, ಎರಡು ಎರಡೂವರೆ ಸೆಂಟಿಮೀಟರ್ ಉದ್ದ, ಒಳಗೆ 100ರಿಂದ 260 ಮೊಟ್ಟೆ. ಇಟ್ಟ ಮೇಲೆ ತಾಯಿ ಸಾಯುತ್ತೆ. ಮೊಟ್ಟೆ ಒಡೆಯೋಕೆ 11ರಿಂದ 13 ದಿನ, ಒಡೆದ ಮೇಲೂ ಮರಿ ಕೆಲವು ದಿನ ಚೀಲದಲ್ಲೇ ಇರುತ್ತೆ. ನಿಮ್ಮದು ಬೇರೆ ಜಾತಿ ಆಗಿದ್ರೆ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು. ನೂಲಿನ ಉಂಡೆ ಥರ ಏನಾದ್ರೂ ಅಂಟಿದ್ರೆ ಆ ಗಿಡವನ್ನ ಒಂದು ತಿಂಗಳು ಸವರಬೇಡಿ ಅಂತ ತೋಟದವರಿಗೆ ಹೇಳಿ, ಪಕ್ಕದ ಮುಳ್ಳು ಕಾಣೋ ಫೋಟೋ ಮರೀದೇ ಕಳಿಸಿ.